ಐವತ್ತು ವರ್ಷದ ಎಣ್ಣೆ ಬಾವಿಯಲ್ಲಿ ಇನ್ನೇನು ಉಳಿದಿರುತ್ತದೆ?

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ ಸರ್. ನೀವು ಕಡಲಿನ ಎಣ್ಣೆ ಪ್ಲಾಟ್‌ಫಾರ್ಮ್‌ಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅಂತ ಗುಂಪಿನಲ್ಲಿ ಹೇಳಿದರು. ಅರಬ್ಬೀ ಸಮುದ್ರದಲ್ಲಿರುವ ಮುಂಬೈ ಹೈ ಎಣ್ಣೆ ಕ್ಷೇತ್ರದ ಉತ್ಪಾದನೆ ಹೆಚ್ಚಿಸಲು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯವರು 2025ರ ಜನವರಿಯಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯನ್ನು ಆರಿಸಿಕೊಂಡರಲ್ಲ. 1976ರಿಂದ ಎಣ್ಣೆ ತೆಗೆಯುತ್ತಿರುವ ಜಾಗ ಅದು. ಖಾಲಿಯಾದ ಬಾವಿಗೆ ಯಾಕೆ ದುಡ್ಡು ಸುರಿಯಬೇಕು?

ಉತ್ತರ: ಖಾಲಿ ಆಗಿಲ್ಲ, ವಿಷಯ ಇರುವುದೇ ಅಲ್ಲಿ. ನೆಲದಡಿ ಎಣ್ಣೆಯ ಕೆರೆ ಇದೆ ಅಂದುಕೊಳ್ಳಬೇಡಿ. ಇರುವುದು ಕಲ್ಲು. ಮುಂಬೈ ಹೈನಲ್ಲಿ ಮುಖ್ಯವಾಗಿ ಸುಣ್ಣದ ಕಲ್ಲು. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಹಿಡಿದುಕೊಂಡಿರುತ್ತದೆ. ವರ್ಷಗಟ್ಟಲೆ ಉರಿಸಿದ ಮಣ್ಣಿನ ಹಣತೆ ನೋಡಿದ್ದೀರಲ್ಲ? ಎಷ್ಟು ಒರೆಸಿದರೂ ಜಿಡ್ಡು ಹೋಗುವುದಿಲ್ಲ. ಇದೂ ಹಾಗೇ. ಜಗತ್ತಿನ ಸರಾಸರಿ ತೆಗೆದುಕೊಂಡರೆ ಇರುವ ಎಣ್ಣೆಯಲ್ಲಿ ಮೇಲೆ ಬರುವುದು ಮೂರನೇ ಒಂದು ಪಾಲಿನಷ್ಟು ಮಾತ್ರ.

ಮೊದಮೊದಲು ಒಳಗಿನ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಅದು ಇಳಿದ ಮೇಲೆ ಬೇರೆ ಬಾವಿಗಳಿಂದ ನೀರು ಒತ್ತಿ ಎಣ್ಣೆಯನ್ನು ಈ ಕಡೆ ನೂಕಬೇಕು. ಮುಂಬೈ ಹೈನಲ್ಲಿ ಈ ಕೆಲಸ 1984ರಲ್ಲಿ ಶುರುವಾಯಿತು. ತೊಂದರೆ ಏನೆಂದರೆ, ನೀರು ಸೋಮಾರಿ. ಗದ್ದೆ ಬದುವಿನಲ್ಲಿ ಏಡಿ ಬಿಲ ಬಿದ್ದರೆ ನೀರೆಲ್ಲ ಅಲ್ಲಿಂದಲೇ ಹರಿದುಹೋಗುತ್ತದಲ್ಲ, ಹಾಗೆ ಕಲ್ಲಿನಲ್ಲಿ ಸಲೀಸಾದ ದಾರಿ ಹಿಡಿದು ನೇರ ಬಾವಿಗೆ ಬಂದುಬಿಡುತ್ತದೆ. ಅಕ್ಕಪಕ್ಕದ ಎಣ್ಣೆ ಅಲ್ಲೇ ಉಳಿಯುತ್ತದೆ. 1980ರ ದಶಕದ ಕೊನೆಗೆ ದಿನಕ್ಕೆ 4 ಲಕ್ಷ ಬ್ಯಾರೆಲ್ ಮೀರಿದ್ದ ಉತ್ಪಾದನೆ ಈಗ ಅದರ ಮೂರನೇ ಒಂದಕ್ಕೆ ಇಳಿದಿದೆ.

ಹಾಗಾಗಿ ಹಳೆಯ ಕ್ಷೇತ್ರದಲ್ಲಿ ನಾವು ಹುಡುಕುವುದು ನೀರು ಮುಟ್ಟದೆ ಬಿಟ್ಟ ಮೂಲೆಗಳನ್ನು. ನೆಲದೊಳಗೆ ಧ್ವನಿ ತರಂಗ ಕಳಿಸಿ, ಅದರ ಪ್ರತಿಧ್ವನಿಯಿಂದ ಒಳಗಿನ ನಕ್ಷೆ ಮಾಡುವುದಕ್ಕೆ ಸೈಸ್ಮಿಕ್ ಸರ್ವೇ ಅನ್ನುತ್ತೇವೆ. ಅದನ್ನು ಕೆಲವು ವರ್ಷ ಬಿಟ್ಟು ಮತ್ತೆ ಮಾಡಿ ಎರಡನ್ನೂ ಹೋಲಿಸುತ್ತಾರೆ. ಎಲ್ಲಿ ಬದಲಾಗಿದೆ, ಎಲ್ಲಿ ಇಲ್ಲ ಅಂತ ಗೊತ್ತಾಗುತ್ತದೆ. ಆಮೇಲೆ ಹಳೆಯ ಬಾವಿಯ ಮೇಲ್ಭಾಗವನ್ನೇ ಬಳಸಿಕೊಂಡು ಕೆಳಗೆ ಪಕ್ಕಕ್ಕೆ ತಿರುಗಿಸಿ ಕೊರೆಯುತ್ತಾರೆ. ಸೈಡ್‌ಟ್ರ್ಯಾಕ್ ಅನ್ನುತ್ತೇವೆ. ಪ್ಲಾಟ್‌ಫಾರ್ಮ್, ಪೈಪ್‌ಲೈನ್ ಎಲ್ಲ ಮೊದಲೇ ಇರುವುದರಿಂದ ಖರ್ಚು ಕಡಿಮೆ. ಪ್ರತಿ ಸಲವೂ ಗೆಲ್ಲುತ್ತೇವೆ ಅಂತಲ್ಲ. ತಿಂಗಳುಗಟ್ಟಲೆ ನಕ್ಷೆ ನೋಡಿ ಕೊರೆದ ಒಂದು ಬಾವಿಯಲ್ಲಿ ನಮಗೆ ಮೊದಲ ದಿನದಿಂದಲೇ ಬರೀ ನೀರು ಬಂದಿತ್ತು. ಆವತ್ತು ಮೆಸ್‌ನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಪ್ರಶ್ನೆ (ಸುರತ್ಕಲ್‌ನಿಂದ): ಗುಜರಾತಿನಲ್ಲಿ ನೆಲದಡಿ ಬೆಂಕಿ ಹಚ್ಚುತ್ತಾರೆ ಅಂತ ಕೇಳಿದ್ದೆ. ಸುಮ್ನೆ ಹೇಳ್ತಾರಾ?

ಉತ್ತರ: ನಿಜಾನೇ! ಮೆಹ್ಸಾಣಾ ಹತ್ತಿರ ಬಲೋಲ್, ಸಂಥಾಲ್ ಕ್ಷೇತ್ರಗಳಲ್ಲಿ. ಅಲ್ಲಿನ ಎಣ್ಣೆ ಬಹಳ ಮಂದ. ಗಾಳಿ ಒತ್ತಿ ಕೆಳಗಿನ ಎಣ್ಣೆಯಲ್ಲೇ ಸ್ವಲ್ಪ ಉರಿಸುತ್ತಾರೆ. ಆ ಬಿಸಿಗೆ ಉಳಿದದ್ದು ತೆಳ್ಳಗಾಗಿ ಹರಿಯುತ್ತದೆ.

ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ಕ್ಷೇತ್ರದ್ದು ಇನ್ನೊಂದು ಕಥೆ. 2009ರಲ್ಲಿ ಉತ್ಪಾದನೆ ಶುರುವಾದ ಜಾಗ, ಅಷ್ಟೇನೂ ಹಳೆಯದಲ್ಲ. ಆದರೂ ಕೆಲವೇ ವರ್ಷಗಳಲ್ಲಿ ನೀರಿನ ಜೊತೆ ಅದನ್ನು ಮಂದ ಮಾಡುವ ಪಾಲಿಮರ್ ಅನ್ನುವ ರಾಸಾಯನಿಕ ಬೆರೆಸಿ ಒತ್ತಲು ಶುರುಮಾಡಿದರು. ಬರೀ ನೀರಿನ ಬದಲು ತೆಳು ಅಂಬಲಿ ಒತ್ತಿದ ಹಾಗೆ. ಅದು ಏಡಿ ಬಿಲದಲ್ಲಿ ನುಗ್ಗಿ ಓಡಿಹೋಗುವುದಿಲ್ಲ, ಎಣ್ಣೆಯನ್ನು ನಿಧಾನವಾಗಿ ಮುಂದಕ್ಕೆ ದಬ್ಬುತ್ತದೆ. ನಿಮ್ಮ ಪಕ್ಕದ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೂ ಮಂಗಳಾ ಎಣ್ಣೆ ಬಂದಿದೆ. ಹೆಸರು ಕೇಳಿ ನಮ್ಮ ಮಂಗಳೂರಿನದೇ ಅಂದುಕೊಂಡವರೂ ಇದ್ದಾರೆ.

ಪ್ರಶ್ನೆ (ದಾವಣಗೆರೆಯಿಂದ): ಸರ್, ಇಷ್ಟೆಲ್ಲ ಮಾಡಿದರೆ ಗಿಟ್ಟುತ್ತಾ? ಬಾವಿ ಮುಚ್ಚೋದು ಯಾವಾಗ ಅಂತ ಹೇಗೆ ತೀರ್ಮಾನ ಮಾಡ್ತಾರೆ?

ಉತ್ತರ: ಒಳ್ಳೆ ಪ್ರಶ್ನೆ. ತೀರ್ಮಾನ ಮಾಡುವುದು ಎಣ್ಣೆಯಲ್ಲ, ನೀರು. ಒಂದು ಲೆಕ್ಕ ಹಾಕೋಣ, ಅಂಕಿಗಳು ಬರೀ ಉದಾಹರಣೆಗೆ. ಬಾವಿಯಿಂದ ದಿನಕ್ಕೆ 1000 ಬ್ಯಾರೆಲ್ ದ್ರವ ಬರುತ್ತದೆ, ಅದರಲ್ಲಿ 95% ನೀರು ಅನ್ನಿ. ಎಣ್ಣೆ 50 ಬ್ಯಾರೆಲ್. ಬ್ಯಾರೆಲ್ಲಿಗೆ 70 ಡಾಲರ್ ಅಂದರೆ 3500 ಡಾಲರ್ ಬಂತು. ನೀರನ್ನು ಎತ್ತಿ, ಬೇರ್ಪಡಿಸಿ, ಶುದ್ಧ ಮಾಡಿ ಮತ್ತೆ ಒತ್ತಲು ಬ್ಯಾರೆಲ್ಲಿಗೆ 1 ಡಾಲರ್ ಖರ್ಚಾದರೆ 950 ಡಾಲರ್ ಹೋಯಿತು. ಪರವಾಗಿಲ್ಲ. ಈಗ ನೀರು 98% ಆಯಿತು ಅನ್ನಿ. ಬರೀ ಮೂರು ಜಾಸ್ತಿ, ಅಲ್ವಾ? ಆದರೆ ಎಣ್ಣೆ 20 ಬ್ಯಾರೆಲ್‌ಗೆ ಇಳಿಯಿತು, 1400 ಡಾಲರ್. ನೀರಿಗೇ 980 ಹೋಯಿತು. ಉಳಿದ 420ರಲ್ಲಿ ಸಂಬಳ, ರಿಪೇರಿ, ಹೆಲಿಕಾಪ್ಟರ್, ಮೇಲೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ, ಸೆಸ್. ಸೆಸ್ ಅನ್ನು ಲಾಭದ ಮೇಲಲ್ಲ, ಎಣ್ಣೆಯ ಬೆಲೆಯ ಮೇಲೆ ಹಾಕುತ್ತಾರೆ. ಅದೇ ನೋವು. ಹಳೆಯ ಕ್ಷೇತ್ರಗಳಿಂದ ಹೆಚ್ಚುವರಿಯಾಗಿ ತೆಗೆದ ಎಣ್ಣೆಗೆ ಇದರಲ್ಲಿ ರಿಯಾಯಿತಿ ಕೊಡುವ ನೀತಿಯನ್ನು ಕೇಂದ್ರ 2018ರಲ್ಲಿ ತಂದದ್ದು ಇದಕ್ಕೇ.

ಮುಚ್ಚಿದರೆ ಖರ್ಚು ತಪ್ಪಿತು ಅಂತಲೂ ಇಲ್ಲ. ಬಾವಿಗೆ ಸಿಮೆಂಟ್ ಬೆಣೆ ಹೊಡೆಯಬೇಕು, ಸಮುದ್ರದಿಂದ ಪ್ಲಾಟ್‌ಫಾರ್ಮ್ ಕಿತ್ತು ತರಬೇಕು. ಒಂದು ರೂಪಾಯಿ ಆದಾಯ ಇಲ್ಲದ ಕೆಲಸ. ಅದಕ್ಕೇ ಎಲ್ಲರೂ ಮುಂದೂಡುತ್ತಾರೆ, ಇಲ್ಲವೇ ಮಾರಿಬಿಡುತ್ತಾರೆ. ಇದೇ ಬಿಪಿ ಉತ್ತರ ಸಮುದ್ರದ ತನ್ನ ಫೋರ್ಟೀಸ್ ಕ್ಷೇತ್ರವನ್ನು 2003ರಲ್ಲಿ ಅಪಾಚೆ ಕಂಪನಿಗೆ ಮಾರಿತು. ಅಪಾಚೆ ಹೊಸದಾಗಿ ಸರ್ವೇ ಮಾಡಿಸಿ, ಉಳಿದ ಮೂಲೆಗಳಿಗೆ ಬಾವಿ ಕೊರೆದು, ಖರೀದಿಸುವಾಗ ಇದೆ ಅಂತ ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ತೆಗೆಯಿತು. ಮಾರಿದವರೇ ಈಗ ನಮ್ಮಲ್ಲಿ ಹಳೆಯ ಕ್ಷೇತ್ರಕ್ಕೆ ಸಲಹೆ ಕೊಡಲು ಬಂದಿದ್ದಾರೆ, ನೋಡಿ! ಆದರೆ ಒಪ್ಪಂದ ನನಗೆ ಸರಿಯಾಗೇ ಕಾಣುತ್ತದೆ. ಹತ್ತು ವರ್ಷದ್ದು. ಮೊದಲ ಎರಡು ವರ್ಷ ನಿಗದಿತ ಶುಲ್ಕ, ಆಮೇಲೆ ಹೆಚ್ಚುವರಿ ಉತ್ಪಾದನೆಯ ಆದಾಯದಲ್ಲಿ ಪಾಲು. ಎಣ್ಣೆ ಜಾಸ್ತಿಯಾಗದಿದ್ದರೆ ಆ ಪಾಲೂ ಇಲ್ಲ.

ಪ್ರಶ್ನೆ (ಹಾಸನದಿಂದ): ಹಾಗಾದರೆ ಪೆಟ್ರೋಲ್ ರೇಟ್ ಇಳಿಯುತ್ತಾ ಸರ್?

ಉತ್ತರ: ಇಲ್ಲಮ್ಮ. ನಮ್ಮ ಕಡಲಲ್ಲಿ ಸಿಕ್ಕ ಎಣ್ಣೆಯನ್ನೂ ಅಂತರರಾಷ್ಟ್ರೀಯ ಬೆಲೆಯ ಲೆಕ್ಕದಲ್ಲೇ ಮಾರುವುದು. ಬೇಕಾದ ಕಚ್ಚಾ ತೈಲದಲ್ಲಿ 85%ಗಿಂತ ಜಾಸ್ತಿ ಹೊರಗಿನಿಂದ ತರುತ್ತೇವೆ. ಆ ಬಿಲ್ಲಿನಲ್ಲಿ ಸ್ವಲ್ಪ ಡಾಲರ್ ಉಳಿಯುತ್ತದೆ, ಬಂಕಿನ ಬೋರ್ಡು ಬದಲಾಗುವುದಿಲ್ಲ.