ಅಣೆಕಟ್ಟೆ ತುಂಬಿದರೂ ಬತ್ತಿದರೂ ಕಾಡುವ ದಿಗಿಲು

ಪ್ರಶ್ನೆ – ಶ್ರೀರಂಗಪಟ್ಟಣದ ಗೃಹಿಣಿ:
2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ (ನೀರು ಹೊರಬಿಡುವ ಮೇಲ್ಭಾಗದ ಬಾಗಿಲು) ಕೊಚ್ಚಿಹೋದ ಸುದ್ದಿ ಕೇಳಿದಂದಿನಿಂದ, ಕೆ.ಆರ್.ಎಸ್. ಅಣೆಕಟ್ಟೆಯ ನೀರು ಭರ್ತಿ ಮಟ್ಟವಾದ 124.80 ಅಡಿ ಮುಟ್ಟಿತೆಂದರೆ ನಮ್ಮ ಅತ್ತೆಯವರಿಗೆ ನಿದ್ದೆ ಬರುವುದಿಲ್ಲ. 2023ರ ಬರದಲ್ಲಿ ಕೆ.ಆರ್.ಎಸ್. ಬತ್ತುತ್ತಿದೆಯೆಂದು ಕೊರಗಿದವರೂ ಅವರೇ. ಈ ದಿಗಿಲನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಮೈಸೂರಿನ ಮನಃಶಾಸ್ತ್ರ ಉಪನ್ಯಾಸಕ:
ಸುಲಭವಾಗಿ ನೆನಪಿಗೆ ಬರುವ ಘಟನೆಯನ್ನು ಮನಸ್ಸು ಹೆಚ್ಚು ಸಂಭವನೀಯವೆಂದು ಎಣಿಸುತ್ತದೆಂದು ಮನಃಶಾಸ್ತ್ರಜ್ಞರಾದ ಟ್ವೆರ್‌ಸ್ಕಿ ಮತ್ತು ಕಾನೆಮನ್ 1973ರಲ್ಲೇ ವಿವರಿಸಿದ್ದರು. 2024ರ ಜುಲೈ 30ರ ವಯನಾಡು ಭೂಕುಸಿತದ ದೃಶ್ಯಗಳು ಟಿ.ವಿ.ಯಲ್ಲಿ ಇನ್ನೂ ಮರುಕಳಿಸುತ್ತಿದ್ದಾಗಲೇ ತುಂಗಭದ್ರೆಯ ಸುದ್ದಿ ಬಂದುದರಿಂದ ಅವರ ಭಯ ಸಹಜವೇ ಆಗಿದೆ.

ಮದ್ದೂರಿನ ರೈತ:
ಉಪನ್ಯಾಸಕರ ಮಾತು ಪ್ರವಾಹಕ್ಕೆ ಸರಿ, ಬರಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಕೆ.ಆರ್.ಎಸ್.ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಅನುಮಾನ ಟಿ.ವಿ.ಯಲ್ಲಿ ಕಾಣದಿದ್ದರೂ, ಭತ್ತದ ಒಟ್ಟಲು ಹಾಕುವುದು, ಸೊಸೈಟಿ ಸಾಲ ತೀರಿಸುವುದು, ಅಡವಿಟ್ಟ ಒಡವೆ ಬಿಡಿಸುವುದು, ಕಡೆಗೆ ಮಗಳ ಮದುವೆಯ ದಿನ ಗೊತ್ತುಮಾಡುವುದು ಎಲ್ಲವೂ ಅದನ್ನೇ ಕಾಯುತ್ತವೆ. ಇದು ಕಲ್ಪನೆಯ ಭಯವಲ್ಲ, ಲೆಕ್ಕಾಚಾರ. ನಿಮ್ಮ ಅತ್ತೆಯವರ ಕೊರಗನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಪಾಲಹಳ್ಳಿಯ ನಿವಾಸಿ:
ಅಮ್ಮಾ, ಅವರಿಗೆ ಮಟ್ಟದ ಅಂಕಿಗಿಂತ ಹೊರಹರಿವಿನ ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬ) ಅಂಕಿಯನ್ನು ನೋಡಲು ಹೇಳಿ. ತುಂಬಿದ ಅಣೆಕಟ್ಟೆಯಿಂದಲೇ ಊರು ಮುಳುಗುವುದಿಲ್ಲ. ಒಮ್ಮೆಲೇ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನ ದೋಣಿವಿಹಾರ ನಿಲ್ಲುತ್ತದೆ, ನದಿಪಾತ್ರದವರಿಗೆ ಆಡಳಿತದ ಎಚ್ಚರಿಕೆಯೂ ಬರುತ್ತದೆ. ಕಾಗದಪತ್ರ ಮತ್ತು ಔಷಧಿಗಳನ್ನು ಒಂದು ಚೀಲದಲ್ಲಿ ಅವರ ಕೈಯಿಂದಲೇ ಜೋಡಿಸಿಡಿಸಿ.