ಪ್ರಶ್ನೋತ್ತರ: ಸಿಸ್ಟಮ್ ಸ್ಲೋ, ಬಿಸಿಯಾಗಿ ಆಫ್ ಆಗ್ತಿದೆ. ಫಾರ್ಮ್ಯಾಟ್ ಮಾಡಿಸಬೇಕಾ?

ಪ್ರಶ್ನೆ (ಡಿಟಿಪಿ ಅಂಗಡಿ, ಹೊಸಪೇಟೆ): ಎಲ್ಲರಿಗೂ ನಮಸ್ಕಾರ. ಐದು ವರ್ಷ ಹಳೆಯ ಅಸೆಂಬಲ್ಡ್ ಡೆಸ್ಕ್‌ಟಾಪ್. ಇಂಟೆಲ್ ಐ5 10400, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಪ್ರೊಸೆಸರ್ ಜೊತೆ ಬಂದ ಫ್ಯಾನ್, ವಿಂಡೋಸ್ 10. ಆನ್ ಮಾಡಿದರೆ ಕೆಲಸಕ್ಕೆ ಸಿಗಲು ಆರೇಳು ನಿಮಿಷ ಬೇಕು. ಮಧ್ಯಾಹ್ನದ ಹೊತ್ತಿಗೆ ಫ್ಯಾನ್ ಜೋರಾಗಿ ಕೂಗುತ್ತೆ, ಒಮ್ಮೊಮ್ಮೆ ತಾನೇ ಆಫ್ ಆಗುತ್ತೆ. ಅಂಗಡಿ ಅದಿರು ಲಾರಿ ಓಡಾಡೋ ರಸ್ತೆಯಲ್ಲಿದೆ, ಒಳಗೆಲ್ಲ ಕೆಂಪು ಧೂಳು. ಫಾರ್ಮ್ಯಾಟ್ ಹೊಡೆಸಿದರೆ ಸರಿಹೋಗುತ್ತೆ ಅಂತಾರೆ. ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲು, ಟ್ಯಾಲಿ ಎಲ್ಲ ಅದರಲ್ಲೇ ಇದೆ.

ಉತ್ತರ (ಹಾರ್ಡ್‌ವೇರ್ ಸರ್ವೀಸ್): ಸರ್, ಇದು ಒಂದು ತೊಂದರೆಯಲ್ಲ, ಎರಡು. ಆನ್ ಮಾಡಿದ ಗಳಿಗೆಯಿಂದಲೇ ನಿಧಾನ ಇದ್ದರೆ ಸಾಮಾನ್ಯವಾಗಿ ಡಿಸ್ಕ್ ಕಾರಣ. ಮೊದಲು ಚೆನ್ನಾಗಿ ಓಡಿ ಅರ್ಧ ಗಂಟೆಯ ಮೇಲೆ ಕುಂಟಿದರೆ ಬಿಸಿ ಕಾರಣ. ಫಾರ್ಮ್ಯಾಟ್ ಹೊಡೆದರೆ ಬಿಸಿ ಒಂದು ಡಿಗ್ರಿಯೂ ಇಳಿಯಲ್ಲ. ಡಿಸ್ಕೇ ಕೆಟ್ಟಿದ್ದರೆ ಫಾರ್ಮ್ಯಾಟ್ ನಡುವೆಯೇ ಅದು ಕೈಕೊಡಬಹುದು. ಕ್ಯಾಬಿನೆಟ್ ಬಿಚ್ಚೋಕೆ ಮೊದಲು ಎರಡನ್ನೂ ಅಳೆಯಿರಿ.

ಡಿಸ್ಕ್‌ನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಉಚಿತ, ಹಾಕಿ ತೆರೆಯಿರಿ. ಕೆಟ್ಟ ಜಾಗಗಳನ್ನು ಎಣಿಸೋ 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಸಂಖ್ಯೆ ನೋಡಿ. ಮೂರೂ ಸೊನ್ನೆ ಇರಬೇಕು. ಆಮೇಲೆ ಪ್ರೊಸೆಸರ್ ಬಿಸಿ ತೋರಿಸೋ ಕೋರ್‌ಟೆಂಪ್ ಹಾಕಿ ಸುಮ್ಮನೆ ಬಿಟ್ಟಾಗಿನ ಬಿಸಿ, ಹತ್ತು ನಿಮಿಷ ಭಾರದ ಕೆಲಸ ಕೊಟ್ಟಾಗಿನ ಬಿಸಿ ಬರೆದುಕೊಳ್ಳಿ. ನಿಮ್ಮ ಪ್ರೊಸೆಸರ್‌ನ ಮಿತಿ 100 ಡಿಗ್ರಿ. ಅಲ್ಲಿಗೆ ಬಂದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತೆ, ಆಗಲೂ ಏರಿದರೆ ಮಷೀನ್ ಆಫ್ ಆಗುತ್ತೆ. ಸಂಖ್ಯೆ ಇಲ್ಲಿ ಹಾಕಿ, ಮುಂದಿನದು ಹೇಳ್ತೀನಿ.

ಪ್ರಶ್ನೆ ಕೇಳಿದವರು: 05 ಸೊನ್ನೆ, ಸಿ6 ಸೊನ್ನೆ. ಸಿ5ರಲ್ಲಿ 18, ಮೇಲೆ ಹಳದಿ ಬಣ್ಣ. ಸುಮ್ಮನಿದ್ದಾಗ 61, ಕೆಲಸ ಕೊಟ್ಟರೆ ಎರಡೇ ನಿಮಿಷಕ್ಕೆ 99.

ಉತ್ತರ (ಹಾರ್ಡ್‌ವೇರ್ ಸರ್ವೀಸ್): ಆ 18 ಹದಿನಾರರ ಲೆಕ್ಕದ್ದು, ನಮ್ಮ ಲೆಕ್ಕದಲ್ಲಿ 16 + 8, ಅಂದರೆ 24. ಅಷ್ಟು ಸೆಕ್ಟರ್‌ಗಳನ್ನು (ಡೇಟಾ ಕೂರುವ ಸಣ್ಣ ಸಣ್ಣ ಜಾಗಗಳನ್ನು) ಡಿಸ್ಕ್‌ಗೆ ಸರಿಯಾಗಿ ಓದೋಕೆ ಆಗ್ತಿಲ್ಲ. ಓದಲು ಮತ್ತೆ ಮತ್ತೆ ಯತ್ನಿಸುತ್ತೆ, ಅಲ್ಲಿಯವರೆಗೆ ವಿಂಡೋಸ್ ಕಾಯುತ್ತೆ. ನಿಮ್ಮ ಆರೇಳು ನಿಮಿಷದಲ್ಲಿ ಅದರ ಪಾಲೂ ಇರುತ್ತೆ. ಈಗ ಡಿಫ್ರ್ಯಾಗ್, ಡಿಸ್ಕ್ ಚೆಕ್ ಯಾವುದನ್ನೂ ಓಡಿಸಬೇಡಿ, ಸಾಯ್ತಿರೋ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ. ಮೊದಲು ಕಾಪಿ. ಟ್ಯಾಲಿಯ ಡೇಟಾ ಫೋಲ್ಡರ್ (ಒಳಗೆ 10000, 10001 ಎಂಬಂಥ ಹೆಸರಿನ ಫೋಲ್ಡರ್‌ಗಳಿರುತ್ತವೆ) ಮತ್ತು ಈಗ ನಡೀತಿರೋ ಕೆಲಸದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ. ಉಳಿದದ್ದು ಆಮೇಲೆ ಹೊರಗಿನ ಡಿಸ್ಕ್‌ಗೆ.

ನುಡಿ ಬಳಸುವವರು ಸಾಮಾನ್ಯವಾಗಿ ಮರೆಯೋದು ಫಾಂಟ್. ಹಳೇ ನುಡಿ ಫೈಲುಗಳು ಯೂನಿಕೋಡ್‌ನಲ್ಲಿ ಇಲ್ಲ. ಆ ಫಾಂಟ್ ಇಲ್ಲದ ಮಷೀನ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ, ಫೈಲ್ ಕೆಟ್ಟಿತು ಅಂತ ಗಾಬರಿ ಬೀಳ್ತಾರೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಹೆಸರಿನವನ್ನೆಲ್ಲ ಎತ್ತಿಟ್ಟುಕೊಳ್ಳಿ, ನುಡಿಯ ಅದೇ ಆವೃತ್ತಿಯ ಸೆಟಪ್ ಫೈಲನ್ನೂ.

ಕಾಪಿ ಮುಗಿದ ಮೇಲೆ ಧೂಳಿಗೆ ಕೈ ಹಾಕಿ. ಬೇಕಾದ್ದು: ಬ್ಲೋವರ್, ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್, ಸ್ಟಾರ್ ಸ್ಕ್ರೂಡ್ರೈವರ್, ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್), 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಪೇಸ್ಟ್ ಕೈಯಲ್ಲಿಲ್ಲದೆ ಕೂಲರ್ (ಪ್ರೊಸೆಸರ್ ಮೇಲಿನ ಫ್ಯಾನ್, ಅದರ ಕೆಳಗಿನ ಅಲ್ಯುಮಿನಿಯಂ ಭಾಗ) ಬಿಚ್ಚಬೇಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತೆ.

ಹತ್ತು ನಿಮಿಷ ಮಷೀನ್ ಓಡಿಸಿ ಶಟ್‌ಡೌನ್ ಮಾಡಿ, ಪೇಸ್ಟ್ ಸ್ವಲ್ಪ ಮೆತ್ತಗಾಗುತ್ತೆ. ಗೋಡೆಯ ಸ್ವಿಚ್ ಆಫ್ ಮಾಡಿ, ಕೇಬಲ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ವೈರ್‌ಗಳ ಫೋಟೋ ತೆಗೆದುಕೊಂಡು ಹೊರಗೆ ನೆರಳಲ್ಲಿ ಮಲಗಿಸಿ. ಬ್ಲೋವರ್ ಒಂದಡಿ ದೂರದಿಂದ. ಫ್ಯಾನ್ ರೆಕ್ಕೆ ಬೆರಳಿಂದ ಹಿಡಿದುಕೊಳ್ಳಿ. ಬಿಟ್ಟರೆ ಗಾಳಿಗೆ ಸಿಕ್ಕಾಪಟ್ಟೆ ತಿರುಗಿ ಬೇರಿಂಗ್ ಹಾಳಾಗುತ್ತೆ. ಎಸ್‌ಎಂಪಿಎಸ್‌ಗೆ (ಮಷೀನ್‌ಗೆ ಕರೆಂಟ್ ಕೊಡೋ ಡಬ್ಬಿ) ಹೊರಗಿನಿಂದ ಊದಿದರೆ ಸಾಕು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ, ಬಿಚ್ಚಬೇಡಿ.

ಇಷ್ಟಕ್ಕೇ ಬಿಸಿ ಇಳಿಯಲ್ಲ. ಧೂಳು ನಿಜವಾಗಿ ಕೂತಿರೋದು ಫ್ಯಾನ್ ಕೆಳಗೆ, ಅಲ್ಯುಮಿನಿಯಂ ರೆಕ್ಕೆಗಳ ನಡುವೆ, ಕಂಬಳಿ ಹಾಸಿದ ಹಾಗೆ. ಮೇಲಿಂದ ಕಾಣಲ್ಲ. ಫ್ಯಾನ್ ವೈರ್ ಬಿಡಿಸಿ, ಕೂಲರ್‌ನ ನಾಲ್ಕು ಕಪ್ಪು ಪಿನ್ನುಗಳನ್ನು ತಲೆ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆಯಿರಿ. ಕೂಲರ್ ಸ್ವಲ್ಪ ಅತ್ತಿತ್ತ ಹೊರಳಿಸಿ ಎತ್ತಿ. ಹಳೇ ಪೇಸ್ಟ್ ಎರಡೂ ಕಡೆ ಒರೆಸಿ, ಆಲ್ಕೋಹಾಲ್ ಆರಿದ ಮೇಲೆ ನಡುವೆ ಇಡೀ ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಹರಡಬೇಡಿ, ಕೂಲರ್ ಒತ್ತಿದಾಗ ಅದೇ ಹರಡಿಕೊಳ್ಳುತ್ತೆ.

ಪ್ರಶ್ನೆ (ಮಂಗಳೂರಿನಿಂದ ಒಬ್ಬರು): ಸರ್, ಪಂಕ್ಚರ್ ಅಂಗಡಿಯಲ್ಲಿ ಏರ್ ಹೊಡೆಸಿದರೆ ಆಗುದಿಲ್ವಾ? ರ‍್ಯಾಮ್‌ಗೆ ರಬ್ಬರ್ ಉಜ್ಜುತ್ತಾರಲ್ಲ, ಸರಿಯಾ? ನನ್ನದು ಎಎಂಡಿ ರೈಝನ್ ಪ್ರೊಸೆಸರ್, ಎಎಂ4 ಸಾಕೆಟ್ಟಿನ ಬೋರ್ಡ್.

ಉತ್ತರ (ಇನ್ನೊಬ್ಬ ಟೆಕ್ನೀಷಿಯನ್): ಏರ್ ಬೇಡ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು, ಎಣ್ಣೆ ನಿಂತಿರುತ್ತೆ, ಗಾಳಿ ಜೊತೆ ಅದೂ ಬೋರ್ಡ್ ಮೇಲೆ ಬರುತ್ತೆ. ಒತ್ತಡವೂ ಜಾಸ್ತಿ. ರಬ್ಬರ್ ವಿಷಯದಲ್ಲಿ ನಮ್ಮಲ್ಲೇ ಜಗಳ ಇದೆ. ಕರಾವಳಿಯ ತೇವಕ್ಕೆ ರ‍್ಯಾಮ್ ಕಾಲುಗಳು ಮಂಕಾಗೋದು ನಿಜ, ರಬ್ಬರ್ ಉಜ್ಜಿದರೆ ಸದ್ಯಕ್ಕೆ ಓಡೋದೂ ನಿಜ. ಆದರೆ ಚಿನ್ನದ ಲೇಪ ತೀರಾ ತೆಳು, ಉಜ್ಜಿ ಉಜ್ಜಿ ಅದೇ ಹೋದರೆ ಮುಂದೆ ಇನ್ನೂ ಬೇಗ ಮಂಕಾಗುತ್ತೆ. ನಾನಾದರೆ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲೇ ಒರೆಸ್ತೀನಿ.

ಎಎಂ4ನಲ್ಲಿ ಪಿನ್ನುಗಳಿರೋದು ಪ್ರೊಸೆಸರ್‌ನಲ್ಲೇ. ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎತ್ತಿದಾಗ ಲಾಕ್ ಹಾಕಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತೆ, ಪಿನ್ ಬಾಗುತ್ತವೆ. ಮೊದಲು ಮಷೀನ್ ಓಡಿಸಿ ಬಿಸಿ ಮಾಡಿ. ಕೂಲರ್ ಎಡಕ್ಕೆ ಬಲಕ್ಕೆ ಹೊರಳಿಸಿ, ಪೇಸ್ಟ್ ಬಿಟ್ಟಿದ್ದು ಕೈಗೆ ಗೊತ್ತಾದ ಮೇಲೇ ಎತ್ತಿ.

ಪ್ರಶ್ನೆ ಕೇಳಿದವರು: ಎಲ್ಲ ಮಾಡಿದೆ ಸರ್, ಈಗ ಇನ್ನೂ ಕೆಟ್ಟಿದೆ! ವಿಂಡೋಸ್‌ಗೂ ಮೊದಲು ಬರೋ ಬಯೋಸ್‌ ಪರದೆಯಲ್ಲೇ 95 ತೋರಿಸ್ತಿದೆ. ಫ್ಯಾನ್ ತಿರುಗ್ತಿದೆ.

ಉತ್ತರ (ಹಾರ್ಡ್‌ವೇರ್ ಸರ್ವೀಸ್): ತಕ್ಷಣ ಆಫ್ ಮಾಡಿ. ಒಂದು ಪಿನ್ ಕೂತಿಲ್ಲ, ಕೂಲರ್ ಒಂದು ಮೂಲೆಯಲ್ಲಿ ಎದ್ದಿದೆ. ಬಿಚ್ಚುವಾಗ ತಿರುಗಿಸಿದ ಪಿನ್ನುಗಳನ್ನು ಬಾಣದ ಎದುರು ದಿಕ್ಕಿಗೆ ವಾಪಸ್ ತಿರುಗಿಸದೇ ಒತ್ತಿದರೆ ಹೀಗೇ ಆಗೋದು, ಒಳಗೆ ಹೋದ ಹಾಗೆ ಕಾಣುತ್ತೆ, ಲಾಕ್ ಆಗಿರಲ್ಲ. ಕೂಲರ್ ತೆಗೆದು, ನಾಲ್ಕೂ ವಾಪಸ್ ತಿರುಗಿಸಿ, ಪೇಸ್ಟ್ ಒರೆಸಿ ಹೊಸದು ಹಾಕಿ. ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಹೀಗೆ ಒತ್ತಿ. ಪ್ರತಿಯೊಂದೂ ಟಕ್ ಅನ್ನಬೇಕು. ಬೋರ್ಡಿನ ಹಿಂಭಾಗ ನೋಡಿದರೆ ಬಿಳಿ ಕಾಲು ಅಗಲವಾಗಿ ಬಿರಿದು, ನಡುವೆ ಕಪ್ಪು ತುದಿ ಕಾಣಬೇಕು. ನಾಲ್ಕೂ ಕಡೆ.

ಪ್ರಶ್ನೆ ಕೇಳಿದವರು: ಹೌದು, ಒಂದು ಎದ್ದಿತ್ತು. ಈಗ ಸುಮ್ಮನಿದ್ದಾಗ 40, ಕೆಲಸದಲ್ಲಿ 72. ಡಿಸ್ಕ್ ಏನು ಮಾಡ್ಲಿ?

ಉತ್ತರ (ಹಾರ್ಡ್‌ವೇರ್ ಸರ್ವೀಸ್): ಚೆನ್ನಾಗಿದೆ. ಡಿಸ್ಕ್ ನಂಬಬೇಡಿ, 500 ಜಿಬಿ ಎಸ್‌ಎಸ್‌ಡಿ ಹಾಕಿ. ಹಳೇದರಿಂದ ಕ್ಲೋನ್ (ಇಡೀ ಡಿಸ್ಕಿನ ಯಥಾವತ್ ನಕಲು) ಬೇಡ, ಓದಲಾಗದ ಸೆಕ್ಟರ್‌ನಲ್ಲಿ ಸಿಕ್ಕಿಬೀಳುತ್ತೆ. ಹೊಸದಾಗಿ ವಿಂಡೋಸ್ 11 ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ನಿಮ್ಮ ಪ್ರೊಸೆಸರ್‌ಗೆ 11 ಆಗುತ್ತೆ. ಟಿಪಿಎಂ (11 ಕೇಳೋ ಭದ್ರತಾ ಸೌಲಭ್ಯ) ಇಲ್ಲ ಅಂದರೆ ಬಯೋಸ್‌ನಲ್ಲಿ ಪಿಟಿಟಿ (ಇಂಟೆಲ್ ಮಷೀನ್‌ನಲ್ಲೇ ಇರೋ ಟಿಪಿಎಂ) ಆನ್ ಮಾಡಿ. ಈಗಿನದು ಅಸಲಿ ಲೈಸೆನ್ಸ್ ಆಗಿದ್ದರೆ ಅದೇ ಬೋರ್ಡ್‌ನಲ್ಲಿ ಅದೇ ಎಡಿಷನ್ ಹಾಕಿದಾಗ ಸಾಮಾನ್ಯವಾಗಿ ತಾನೇ ಆ್ಯಕ್ಟಿವೇಟ್ ಆಗುತ್ತೆ. ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲು ಅದರ ಮೇಲೆ ಹೋಗಿ ಕೂರುತ್ತೆ, ನಾಳೆ ಆ ಡಿಸ್ಕ್ ಸತ್ತರೆ ಎಸ್‌ಎಸ್‌ಡಿಯೂ ಬೂಟ್ ಆಗಲ್ಲ.

ಆಮೇಲೆ ರಿಜಿಸ್ಟ್ರಿ ಕ್ಲೀನರ್, ಸ್ಪೀಡ್ ಬೂಸ್ಟರ್ ಅಂತ ಏನೂ ಹಾಕಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಸೆನ್ಸ್ ಆನ್ ಇರಲಿ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದು ಆಫ್ ಮಾಡಿ, ಸಿ ಡ್ರೈವ್‌ನಲ್ಲಿ 15–20 ಪರ್ಸೆಂಟ್ ಖಾಲಿ ಬಿಡಿ.

ಪ್ರಶ್ನೆ ಕೇಳಿದವರು: ಇನ್ನೆರಡು ಸರ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಮತ್ತೆ ಕ್ಲೀನಿಂಗ್ ಎಷ್ಟು ದಿನಕ್ಕೊಮ್ಮೆ?

ಉತ್ತರ (ಹಾರ್ಡ್‌ವೇರ್ ಸರ್ವೀಸ್): ಜುಮ್ ಅನ್ನೋದು ಅರ್ಥಿಂಗ್ ಇಲ್ಲದ್ದಕ್ಕೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಕ್ಯಾಬಿನೆಟ್‌ಗೆ ಸ್ವಲ್ಪ ಕರೆಂಟ್ ಸೋರುತ್ತೆ, ಅದು ಭೂಮಿಗೆ ಹೋಗಬೇಕು, ದಾರಿ ಇಲ್ಲದೆ ನಿಮ್ಮ ಕೈಯಿಂದ ಹೋಗ್ತಿದೆ. ಜುಮ್ ಜೋರಾಗಿದ್ದರೆ ಬೇರೆ ದೋಷವೂ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಮೂರನೇ ತೂತು ನಿಜವಾಗಿ ಅರ್ಥ್‌ಗೆ ಸೇರಿದೆಯಾ ಅಂತ ನೋಡಿಸಿ.

ನಿಮ್ಮ ರಸ್ತೆಯ ಧೂಳಿಗೆ ಮೂರು ತಿಂಗಳಿಗೊಮ್ಮೆ ಬ್ಲೋವರ್. ಕ್ಯಾಬಿನೆಟ್ ನೆಲದ ಮೇಲಿದ್ದರೆ ಒಂದಡಿಯಾದರೂ ಎತ್ತರಿಸಿ. ಪೇಸ್ಟ್ ಪ್ರತಿ ಸಲ ಬದಲಾಯಿಸೋದು ಬೇಡ. ಕ್ಯಾಬಿನೆಟ್ ಒಳಬದಿಗೆ ಟೇಪ್ ಅಂಟಿಸಿ ಇವತ್ತಿನ ತಾರೀಖು, 40, 72 ಅಂತ ಬರೆದಿಡಿ. ಧೂಳು ಊದಿದ ಮೇಲೂ ಅದೇ ಕೆಲಸಕ್ಕೆ 85 ದಾಟಿದರೆ ಆಗ ಕೂಲರ್ ಬಿಚ್ಚಿ.