ಲ್ಯಾಕ್ ಮೇಜನ್ನೇ ಸರ್ವರ್ ರ‍್ಯಾಕ್ ಮಾಡೋದು: ಕಾಲು ಭಾರ ತಡೆಯುತ್ತಾ? ಬೀರುವಿನೊಳಗಿನ ಬಿಸಿಗೆ ಏನು ದಾರಿ?

ತಂತಿಗಂಟು:

ಕೈಯಲ್ಲಿರೋದು ಎರಡು ಸಾಮಾನು. ಒಂದು, ಐಕಿಯಾದ ಲ್ಯಾಕ್ ಮೇಜು: 55×55 ಸೆಂಮೀ, ಎತ್ತರ 45. ಇನ್ನೊಂದು, ಮಂಚದ ಪಕ್ಕ ಇಡುವಂಥ ಬಾಗಿಲಿರುವ ಪುಟ್ಟ ಬೀರು: ಒಳ ಅಳತೆ 40×40, ಎತ್ತರ 60, ಮೇಲೊಂದು ಡ್ರಾಯರ್. ಬೀರು 16 ಮಿಮೀ ಪಾರ್ಟಿಕಲ್ ಬೋರ್ಡಿನದು, ಬೆನ್ನಿಗೆ 3 ಮಿಮೀ ಹಾರ್ಡ್‌ಬೋರ್ಡ್.

ಕೂರಿಸಬೇಕಾದ್ದು: 24 ಪೋರ್ಟಿನ 1ಯು (ಯು ಅನ್ನೋದು ಎತ್ತರದ ಅಳತೆ) ನೆಟ್‌ವರ್ಕ್ ಸ್ವಿಚ್ (3 ಕೆಜಿ), 45 ಸೆಂಮೀ ಆಳದ 2ಯು ಸರ್ವರ್ (11 ಕೆಜಿ), ಒಂದು ಮಿನಿ ಪಿಸಿ, ನಾಲ್ಕು ಡಿಸ್ಕಿನ ನ್ಯಾಸ್ (ನೆಟ್‌ವರ್ಕಿನಲ್ಲಿ ಫೈಲು ಕೂಡಿಡೋ ಪೆಟ್ಟಿಗೆ), ರಾಸ್ಪ್‌ಬೆರಿ ಪೈ (ಪುಟ್ಟ ಒಂಟಿ ಬೋರ್ಡಿನ ಕಂಪ್ಯೂಟರ್) ಮತ್ತು ಕರೆಂಟ್ ಹಾಕಿ ಆರಿಸೋ ರಿಲೇ ಬೋರ್ಡುಗಳು, ಒಂದು ಸಣ್ಣ ಯುಪಿಎಸ್. ಮಿನಿ ಪಿಸಿ, ನ್ಯಾಸ್, ಪೈ ಮೂರೂ ಸೇರಿ ಪ್ಲಗ್ ಮೀಟರಿನಲ್ಲಿ 60 ವ್ಯಾಟ್ ತೋರಿಸುತ್ತೆ.

ಕೇಳಬೇಕಾದ್ದು ಮೂರು. ಸರ್ವರಿನ ಕಿವಿಗಳನ್ನು (ಮುಂಭಾಗದಲ್ಲಿ ಎಡಬಲಕ್ಕೆ ಚಾಚಿರೋ ತೂತಿನ ಪಟ್ಟಿಗಳು) ಮೇಜಿನ ಕಾಲಿಗೇ ನೇರ ಸ್ಕ್ರೂ ಹೊಡೆದರೆ ನಿಲ್ಲುತ್ತಾ? ಬೀರುವಿಗೆ ಫ್ಯಾನ್ ಎಲ್ಲಿ, ಎಷ್ಟು ದೊಡ್ಡದು? ರಿಲೇ ಬೋರ್ಡುಗಳನ್ನು ಡ್ರಾಯರಿನಲ್ಲಿ ಇಡಬಹುದಾ?

ಹಲಗೆಗರಗಸ:

ಸ್ವಿಚ್, ಸರ್ವರ್ ಮೇಜಿಗೆ. ಉಳಿದದ್ದು ಬೀರುವಿಗೆ. ಇದರಲ್ಲಿ ಆಯ್ಕೆಯೇ ಇಲ್ಲ, 40 ಸೆಂಮೀ ಬೀರುವಿನೊಳಗೆ 19 ಇಂಚಿನ ಸಾಮಾನು ತೂರೋದಿಲ್ಲ.

ಲ್ಯಾಕ್ ಮೇಜು ರ‍್ಯಾಕ್ ಆಗಿ ಹೊಂದೋದು ಅಳತೆಯ ಆಕಸ್ಮಿಕದಿಂದ. 55 ಸೆಂಮೀ ಅಗಲದಲ್ಲಿ 5 ಸೆಂಮೀ ದಪ್ಪದ ಎರಡು ಕಾಲು ಕಳೆದರೆ ನಡುವೆ ಉಳಿಯೋದು 450 ಮಿಮೀ. 19 ಇಂಚಿನ ರ‍್ಯಾಕಿನ ಬಾಯಿ ಇರಬೇಕಾದ್ದೂ ಅಷ್ಟೇ. ಮೇಲಿನ ಹಲಗೆ 5 ಸೆಂಮೀ, ಅದರ ಕೆಳಗೆ 40 ಸೆಂಮೀ ಜಾಗ. 1ಯು ಅಂದರೆ 44.45 ಮಿಮೀ, ಲೆಕ್ಕಕ್ಕೆ 9ಯು ಬರುತ್ತೆ, ಕೈಯಾಡಿಸೋಕೆ ಜಾಗ ಬಿಟ್ಟು 8ಯು ಅಂದ್ಕೊಳ್ಳಿ.

ಈಗ ಕಾಲಿನ ವಿಷಯ. ಮೇಲೆ ಥಳುಕು ಒಳಗೆ ಹುಳುಕು ಅನ್ನೋ ಮಾತು ಈ ಕಾಲಿಗೇ ಹೇಳಿದ ಹಾಗಿದೆ. ತುದಿಯಲ್ಲಿ, ಮೇಜಿಗೆ ಸ್ಕ್ರೂ ಕೂರುವ ಕಡೆ ಮಾತ್ರ ಗಟ್ಟಿ ತುಂಡು. ಉಳಿದ ಉದ್ದಕ್ಕೂ ಟೊಳ್ಳು, ಹೊರಗೆ ಕೆಲವೇ ಮಿಲಿಮೀಟರ್ ಸಿಪ್ಪೆ. ರ‍್ಯಾಕ್ ಕಿವಿಗಳ ತೂತುಗಳ ನಡುವಿನ ಅಂತರ 465 ಮಿಮೀ, ಹಾಗಾಗಿ ನಿಮ್ಮ ಸ್ಕ್ರೂ ಬೀಳೋದು ಕಾಲಿನ ಒಳ ಅಂಚಿನಿಂದ ಏಳೂವರೆ ಮಿಮೀ ಆಚೆ. ಮುಂದಿನ ಸಿಪ್ಪೆಯನ್ನು ತೂರಿದ ಮೇಲೆ ಅದು ಹಿಡಿಯೋದು ಗಾಳಿಯನ್ನ.

ಸ್ವಿಚ್ ಮೂರೇ ಕೆಜಿ, ಆಳವೂ ಕಡಿಮೆ, ಹೇಗೋ ನೇತಾಡಿಕೊಂಡಿರುತ್ತೆ. ಸರ್ವರ್ ಹಾಗಲ್ಲ. 11 ಕೆಜಿ, ಭಾರದ ನಡು ಮುಂಭಾಗದಿಂದ ಸುಮಾರು 22 ಸೆಂಮೀ ಹಿಂದೆ, 2ಯು ಕಿವಿಯ ಮೇಲಿನ-ಕೆಳಗಿನ ಸ್ಕ್ರೂಗಳ ನಡುವೆ ಸುಮಾರು 7.6 ಸೆಂಮೀ. 11×22÷7.6, ಹತ್ತಿರ ಹತ್ತಿರ 32 ಕೆಜಿಯ ಎಳೆತ. ಅದು ಬೀಳೋದು ಕೆಳಗಿನ ಎರಡು ಸ್ಕ್ರೂಗಳ ಮೇಲೆ, ಮೇಲಿನವುಗಳ ಮೇಲಲ್ಲ: ಪೆಟ್ಟಿಗೆಯ ಬೆನ್ನು ಕುಸಿದಾಗ ಕಿವಿಯ ಮೇಲ್ತುದಿ ಕಾಲಿಗೆ ಒತ್ತಿಕೊಳ್ಳುತ್ತೆ, ಕೆಳತುದಿ ಮುಂದಕ್ಕೆ ಕಿತ್ತುಬರುತ್ತೆ. ಇನ್ನೊಂದು ಸ್ಕ್ರೂ ಸೇರಿಸಿದರೆ ಸಿಪ್ಪೆಯಲ್ಲಿ ಇನ್ನೊಂದು ತೂತು ಆಗುತ್ತೆ, ಅಷ್ಟೇ.

ಆದ್ದರಿಂದ ಕಿವಿಗೆ ಭಾರ ಕೊಡಬೇಡಿ, ಕೆಳಗಿನಿಂದ ಹೊರಿಸಿ. 25×25×2 ಮಿಮೀ ಕಬ್ಬಿಣದ ಆಂಗಲ್, 550 ಮಿಮೀ ಉದ್ದದ ಎರಡು ತುಂಡು. ಎಡಕ್ಕೊಂದು ಬಲಕ್ಕೊಂದು, ಮುಂದಿನ ಕಾಲಿನಿಂದ ಹಿಂದಿನ ಕಾಲಿನವರೆಗೆ ಹಳಿಯ ಹಾಗೆ. ಒಂದು ಮುಖ ಕಾಲಿನ ಒಳಬದಿಗೆ ಅಂಟಿರಲಿ, ಇನ್ನೊಂದು ಮುಖದ ಮೇಲೆ ಸರ್ವರ್ ಕೂರಲಿ. ಬಾಯಿ 450ರಿಂದ 446ಕ್ಕೆ ಇಳಿಯುತ್ತೆ, ಅದಕ್ಕೇ 3 ಮಿಮೀ ದಪ್ಪದ್ದು ಬೇಡ. ಸರ್ವರಿನ ಮೈ ಅಗಲವನ್ನು ಮೊದಲು ಅಳೆಯಿರಿ.

ಬೋಲ್ಟು ಎಂ5, ಕಾಲಿನ ಆರಪಾರ. ಆಂಗಲ್ ಕಡೆ ತಲೆ ಒಳಗೆ ಮುಳುಗುವಂಥದ್ದು ಬೇಕು, ಇಲ್ಲದಿದ್ದರೆ ಪೆಟ್ಟಿಗೆ ಜಾರಿಸುವಾಗ ಅಡ್ಡ ಬರುತ್ತೆ. ಹೊರಗಡೆ 25 ಮಿಮೀ ಅಗಲದ ವಾಷರ್, ಅದರ ಮೇಲೆ ನಟ್ಟು. ಬಿಗಿಯುವಾಗ ಕಾಲಿನ ಗೋಡೆ ಒಳಕ್ಕೆ ಬಾಗೋದು ಕಣ್ಣಿಗೇ ಕಾಣುತ್ತೆ. ಕಂಡರೆ ಒಂದು ಸುತ್ತು ಸಡಿಲಿಸಿ. ಕಿವಿಗಳಿಗೆ ಸ್ಕ್ರೂ ಹಾಕಬಹುದು, ಆದರೆ ಅದು ಪೆಟ್ಟಿಗೆ ಮುಂದಕ್ಕೆ ಜಾರದಿರಲಿ ಅಂತ ಮಾತ್ರ.

ಒಂದೊಂದು ಕಾಲೂ ಮೇಜಿಗೆ ಒಂದೇ ಸ್ಕ್ರೂವಿನಿಂದ ಸೇರಿರೋದು, ಹಾಗಾಗಿ ಪಕ್ಕಕ್ಕೆ ತಳ್ಳಿದರೆ ಇಡೀ ಮೇಜು ತೂಗುತ್ತೆ. ಹಿಂಬದಿಯ ಎರಡು ಕಾಲುಗಳಿಗೆ 6 ಮಿಮೀ ಪ್ಲೈವುಡ್ಡಿನ 10 ಸೆಂಮೀ ಪಟ್ಟಿಯನ್ನು ಓರೆಯಾಗಿ ಕೂಡಿಸಿ. ಪೂರ್ತಿ ಹಲಗೆ ಹೊಡೆದರೆ ಸರ್ವರಿನ ಬಿಸಿಗಾಳಿ ಹೋಗೋ ದಾರಿ ಮುಚ್ಚುತ್ತೆ. ಮೇಜಿನ ಮೇಲಿನ ಭಾರಕ್ಕೆ 25 ಕೆಜಿ ಮಿತಿ. 70 ಸೆಂಮೀ ಆಳದ ದೊಡ್ಡ ಸರ್ವರುಗಳ ಆಸೆ ಇದ್ದರೆ ಈ ಮೇಜು ಮರೆತುಬಿಡಿ.

ಬಿಸಿಗಾಳಿ:

ಬೀರುವಿಗೆ ಬರ್ತೀನಿ. ಬಾಗಿಲು ಮುಚ್ಚಿ 60 ವ್ಯಾಟ್ ಉರಿಸಿದರೆ ಏನಾಗುತ್ತೆ ಅಂತ ಮೊದಲು ನೋಡಿ. ತಳ ಮತ್ತು ಗೋಡೆಗೆ ತಾಗಿದ ಬೆನ್ನು ಬಿಟ್ಟರೆ ಬಿಸಿ ಹೊರಹೋಗಬಲ್ಲ ಮೈ ಸುಮಾರು 0.9 ಚದರ ಮೀಟರ್. 16 ಮಿಮೀ ಪಾರ್ಟಿಕಲ್ ಬೋರ್ಡ್ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ದಾಟಿಸೋದು ಎರಡೂವರೆ ವ್ಯಾಟಿನ ಆಸುಪಾಸು. ಅಂದರೆ ಒಳಗಿನ ಗಾಳಿ ಕೋಣೆಗಿಂತ 25 ಡಿಗ್ರಿ ಮೇಲೇರಿದ ಮೇಲಷ್ಟೇ ನಿಲ್ಲುತ್ತೆ. ಕೋಣೆ 30 ಇದ್ದರೆ ಒಳಗೆ 55. ಡಿಸ್ಕುಗಳು ಅದಕ್ಕಿಂತ ಮೇಲೆ.

ಫ್ಯಾನಿನ ಲೆಕ್ಕ ಸುಲಭ: ವ್ಯಾಟನ್ನು 3ರಿಂದ ಗುಣಿಸಿ, ಎಷ್ಟು ಡಿಗ್ರಿ ಏರಿಕೆ ಒಪ್ಪುತ್ತೋ ಅದರಿಂದ ಭಾಗಿಸಿ. ಬಂದದ್ದು ಗಂಟೆಗೆ ಬೇಕಾದ ಗಾಳಿ, ಘನ ಮೀಟರುಗಳಲ್ಲಿ. 60×3÷5 = 36. ಡಬ್ಬದ ಮೇಲೆ 80 ಅಂತ ಬರೆದಿರುವ 120 ಮಿಮೀ ಫ್ಯಾನ್ ತಗೊಳ್ಳಿ. ಅದು ಬಯಲಲ್ಲಿ ಅಳೆದ ಅಂಕಿ, ಬೀರುವಿನೊಳಗೆ ಅರ್ಧ ಸಿಕ್ಕರೆ ಪುಣ್ಯ.

ಎಲ್ಲರೂ ಫ್ಯಾನಿಗೆ ದುಡ್ಡು ಸುರಿದು ಒಳಬರುವ ದಾರಿಯನ್ನು ಮರೀತಾರೆ. 120 ಮಿಮೀ ಫ್ಯಾನಿನ ಬಾಯಿ, ನಡುವಿನ ಗುಂಡು ಕಳೆದು, ಸುಮಾರು 100 ಚದರ ಸೆಂಮೀ. ಒಳಬರೋಕೂ ಅಷ್ಟಾದರೂ ಬೇಕು. ಬಾಗಿಲಿನ ಹಿಂಜ್ ಕೂರಿಸೋ 35 ಮಿಮೀ ಬಿಟ್ ಇದ್ದರೆ ಒಂದು ತೂತಿಗೆ 9.6 ಚದರ ಸೆಂಮೀ ಸಿಗುತ್ತೆ. ಹನ್ನೆರಡು ತೂತು ಸಾಕು. ಧೂಳಿನ ಜಾಲರಿ ಹಾಕ್ತೀರಾ? ಹಾಗಾದರೆ ಇಪ್ಪತ್ತನಾಲ್ಕು, ಯಾಕಂದರೆ ಜಾಲರಿ ಹೆಚ್ಚುಕಮ್ಮಿ ಅರ್ಧ ನುಂಗುತ್ತೆ.

ತೂತುಗಳು ಬಾಗಿಲಿನ ಕೆಳತುದಿಯಲ್ಲಿ, ಫ್ಯಾನ್ ಹಿಂದೆ ಡ್ರಾಯರಿನ ತಳಕ್ಕಿಂತ ಸ್ವಲ್ಪ ಕೆಳಗೆ, ಹೊರಕ್ಕೆ ಊದುವಂತೆ. ಬೆನ್ನಿಗೂ ಗೋಡೆಗೂ 8 ಸೆಂಮೀ ಬಿಡಿ. ಫ್ಯಾನಿನ ಹತ್ತಿರವೇ ಕೇಬಲಿಗೆ ಅಗಲವಾದ ತೂತು ಇದ್ದರೆ ಹೊರಹೋದ ಬಿಸಿಗಾಳಿ ಅಲ್ಲಿಂದಲೇ ಮರಳಿ ಒಳಗೆ ಬರುತ್ತೆ. ಫ್ಯಾನ್ ಜೋರಾಗಿ ತಿರುಗ್ತಾನೇ ಇರುತ್ತೆ, ಬಿಸಿ ಇಳಿಯೋದೇ ಇಲ್ಲ. ಕೇಬಲ್ ತೂತಿಗೆ ಸ್ಪಂಜು ತುರುಕಿ.

3 ಮಿಮೀ ಹಾರ್ಡ್‌ಬೋರ್ಡಿಗೆ ಫ್ಯಾನ್ ನೇರ ಬಿಗಿದರೆ ಅದು ತಮಟೆ. 12 ಮಿಮೀ ಪ್ಲೈವುಡ್ಡಿನ 16×16 ಸೆಂಮೀ ಚೌಕ ಕತ್ತರಿಸಿ, ಹಾರ್ಡ್‌ಬೋರ್ಡಿಗೆ ಅಂಟಿಸಿ, ನಡುವೆ 115 ಮಿಮೀ ಸುತ್ತು ತೆಗೆಯಿರಿ. ಫ್ಯಾನಿನ ತೂತುಗಳ ಅಂತರ 105 ಮಿಮೀ. ಸ್ಕ್ರೂ ಬದಲು ಸಿಲಿಕೋನ್ ಪಿನ್ನು. ಬಾಗಿಲಿನ ಲ್ಯಾಮಿನೇಟ್ ಎದ್ದು ಬರದಿರಲಿ ಅಂತ ಎರಡೂ ಮುಖಕ್ಕೆ ಟೇಪ್ ಅಂಟಿಸಿ, ಆ ಕಡೆಯಿಂದ ಅರ್ಧ ಈ ಕಡೆಯಿಂದ ಅರ್ಧ ಕೊರೆಯಿರಿ. ಕೊರೆದ ಅಂಚಿನಲ್ಲಿ ಬಿಚ್ಚಿಕೊಂಡ ಹೊಟ್ಟಿಗೆ ಮರದ ಅಂಟನ್ನು ಸಮಪಾಲು ನೀರಿನಲ್ಲಿ ಕದಡಿ ಎರಡು ಸಲ ಬಳಿಯಿರಿ. ಬಿಟ್ಟರೆ ಅದು ತೇವ ಕುಡಿದು ಊದುತ್ತೆ, ಉದುರಿದ ಪುಡಿ ಹೋಗಿ ನ್ಯಾಸಿನ ಫ್ಯಾನಿನಲ್ಲಿ ಕೂರುತ್ತೆ.

ಫ್ಯಾನಿಗೆ 12 ವೋಲ್ಟ್ ಡಬ್ಲ್ಯು1209 ಥರ್ಮೋಸ್ಟಾಟ್ ಸಾಕು. ಸೆನ್ಸರ್ ನ್ಯಾಸಿನ ಹಿಂದೆ, 36 ಡಿಗ್ರಿಗೆ ಶುರು, ಪಿ1 (ಎಷ್ಟು ಡಿಗ್ರಿ ಇಳಿದ ಮೇಲೆ ನಿಲ್ಲಬೇಕು ಅನ್ನೋ ಸೆಟ್ಟಿಂಗ್) ಅನ್ನು 4ಕ್ಕೆ ಇಡಿ. ಪಿ0 (ಬಿಸಿಯೋ ತಂಪೋ ಅನ್ನೋ ಸೆಟ್ಟಿಂಗ್) ತಂಪಿನ ಕಡೆ ಇದೆಯಾ ಅಂತ ನೋಡಿ; ಬಿಸಿಯ ಕಡೆ ಬಿಟ್ಟರೆ ಕಾದಾಗಲೇ ಫ್ಯಾನ್ ನಿಲ್ಲುತ್ತೆ.

ತಂತಿಗಂಟು:

ಕಾಲಿನ ಲೆಕ್ಕ ಅರ್ಥವಾಯ್ತು, ಆಂಗಲೇ ಸರಿ. ನ್ಯಾಸನ್ನು ಬೀರುವಿನ ನಡುಹಲಗೆ ಮೇಲಿಟ್ಟರೆ ಹಲಗೆ ಬಾಗುತ್ತಾ, ಗುಂಯ್‌ಗುಟ್ಟುತ್ತಾ? ಯುಪಿಎಸ್ ಬೀರುವಿನ ತಳದಲ್ಲೇ ಇಡಲಾ?

ಎರಡೆಳೆ:

40 ಸೆಂಮೀ ಅಗಲಕ್ಕೆ ಬಾಗೋ ಚಿಂತೆ ಇಲ್ಲ. ಅದೇ ಭಾರಕ್ಕೆ, ಆಧಾರಗಳ ಅಂತರ ಅರ್ಧಕ್ಕಿಳಿದರೆ ಬಾಗು ಎಂಟನೇ ಒಂದು ಪಾಲಿಗೆ ಇಳಿಯುತ್ತೆ. 80 ಸೆಂಮೀ ಹಲಗೆಯಾಗಿದ್ದರೆ ಮಾತು ಬೇರೆ, ಪಾರ್ಟಿಕಲ್ ಬೋರ್ಡ್ ತಿಂಗಳುಗಟ್ಟಲೆ ನಿಧಾನಕ್ಕೆ ಜೋಲುತ್ತಾ ಹೋಗುತ್ತೆ. ಗುಂಯ್ ಅನ್ನೋದು ಡಿಸ್ಕಿನ ನಡುಕ ಹಲಗೆಗೆ ಇಳಿಯೋದರಿಂದ. ನ್ಯಾಸಿನ ನಾಲ್ಕು ಮೂಲೆಗೂ ಮೆತ್ತನೆಯ ರಬ್ಬರ್ ಬಿಲ್ಲೆ ಇಡಿ, ಇಡೀ ತಳಕ್ಕೆ ಹಾಳೆ ಹಾಸಬೇಡಿ, ತಳದ ಗಾಳಿ ಕಟ್ಟುತ್ತೆ. ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡೋ ಪಟ್ಟಿ) 194ನೇ ಸಾಲು ಬಿಸಿಯದು, ಅದು 45 ದಾಟದಿರಲಿ. 199ನೇ ಸಾಲು (ಡಾಟಾ ಸಾಗಣೆಯ ತಪ್ಪುಗಳ ಎಣಿಕೆ) ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಡಾಟಾ ಕೇಬಲನ್ನ.

ಯುಪಿಎಸ್ ಒಳಗೆ ಬೇಡ. ಸೀಸದ ಬ್ಯಾಟರಿಯ ಆಯುಸ್ಸು 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಮ್ಮಿ ಅರ್ಧವಾಗುತ್ತೆ, ಮೇಲಾಗಿ ಚಾರ್ಜ್ ಹೆಚ್ಚಾದರೆ ಹೈಡ್ರೋಜನ್ ಬಿಡುತ್ತೆ. ಮೇಜಿನ ಕೆಳಗೆ ನೆಲದ ಮೇಲಿರಲಿ.

ಥರ್ಮೋಸ್ಟಾಟ್ ವಿಷಯದಲ್ಲಿ ಬಿಸಿಗಾಳಿಯವರ ಮಾತು ನಾನು ಒಪ್ಪಲ್ಲ. ಅದರ ರಿಲೇ ರಾತ್ರಿಯೆಲ್ಲಾ ಟಕ್ ಟಕ್ ಅನ್ನುತ್ತೆ, ರಿಲೇ ಕೆಟ್ಟರೆ ಫ್ಯಾನೂ ಇಲ್ಲ. ಪೈ ಹೇಗೂ ಇದೆ, ನಾಲ್ಕು ತಂತಿಯ ಫ್ಯಾನ್ ತಗೊಳ್ಳಿ. ಪೈನ ಜಿಪಿಐಒ 18 ಪಿನ್ನಿನಿಂದ 4.7 ಕಿಲೋಓಮ್ ರೆಸಿಸ್ಟರ್ ಮೂಲಕ ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ, ಕಲೆಕ್ಟರ್ ಫ್ಯಾನಿನ ನಾಲ್ಕನೇ ತಂತಿಗೆ (ವೇಗ ಹೇಳೋ ತಂತಿ), ಎಮಿಟರ್ ನೆಲಕ್ಕೆ (ಗ್ರೌಂಡಿಗೆ). ಪೈನ ನೆಲ, 12 ವೋಲ್ಟ್ ಅಡಾಪ್ಟರಿನ ನೆಲ ಎರಡೂ ಸೇರಿರಲೇಬೇಕು. ಪಲ್ಸ್ 25 ಕಿಲೋಹರ್ಟ್ಸ್. ಟ್ರಾನ್ಸಿಸ್ಟರ್ ಇರೋದರಿಂದ ಲೆಕ್ಕ ತಲೆಕೆಳಗು: ಪೈ 100 ಅಂದರೆ ಫ್ಯಾನಿಗೆ 0. ಇದರಲ್ಲೇ ಲಾಭ ಇರೋದು, ಪೈ ಸತ್ತರೆ ಫ್ಯಾನ್ ಪೂರ್ತಿ ವೇಗಕ್ಕೆ ಹೋಗುತ್ತೆ.

ಡ್ರಾಯರಿನಲ್ಲಿ ಪೈ, ಸೆನ್ಸರ್ ಇಡಿ. ಮೇನ್ಸ್ (ಮನೆಯ ಗೋಡೆ ಕರೆಂಟು) ಹಾಯುವ ರಿಲೇ ಬೇಡ: ಡ್ರಾಯರ್ ಎಳೆದಾಗಲೆಲ್ಲ ತಂತಿ ಮಡಚುತ್ತೆ, ಸ್ಕ್ರೂ ಟರ್ಮಿನಲ್ಲಿನ ಬುಡದಲ್ಲೇ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಉಳಿದ ನಾಲ್ಕಾರು ಎಳೆ ಬಿಸಿಯೇರುತ್ತವೆ. ಸುತ್ತಲೂ ಒಣ ಹಲಗೆ ಬೇರೆ. ರಿಲೇಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಸ್ವಿಚ್‌ಬಾಕ್ಸಿನಲ್ಲಿ ಹಾಕಿ ಬೀರುವಿನ ಪಕ್ಕದ ಹಲಗೆಗೆ ಬಿಗಿಯಿರಿ, ಒಳಹೋಗುವ ತಂತಿಗೆ ಗ್ಲ್ಯಾಂಡ್ (ತಂತಿಯನ್ನು ಬಿಗಿಹಿಡಿಯೋ ಕತ್ತುಪಟ್ಟಿ) ಹಾಕಿ. ಮೇನ್ಸ್‌ಗೊಂದು ತೂತು, 5 ವೋಲ್ಟಿಗೆ ಇನ್ನೊಂದು.

ಪೈಯನ್ನು ಹಲಗೆ ಮೇಲೆ ಬರಿದೇ ಇಡದೆ 10 ಮಿಮೀ ಎತ್ತರದ ಎಂ2.5 ಕಂಬಗಳ ಮೇಲೆ ನಿಲ್ಲಿಸಿ. ತೂತುಗಳ ಅಂತರ 58×49 ಮಿಮೀ. ಡ್ರಾಯರಿನ ಹಿಂದಿನ ಹಲಗೆಗೂ ತಳಕ್ಕೂ ನಾಲ್ಕಾರು ತೂತು ಬೇಕು, 80 ಡಿಗ್ರಿ ಮುಟ್ಟಿದರೆ ಪೈ ತಾನೇ ವೇಗ ಇಳಿಸುತ್ತೆ.

ಮೇಜಿಗೆ ಹಾಕೋ ಆಂಗಲ್‌ಗೂ ಅರ್ತಿಂಗ್ ಕೊಡಿ. ಬಣ್ಣ ಕೆರೆದು, ಹಲ್ಲಿನ ವಾಷರ್ ಇಟ್ಟು, ಹಸಿರು-ಹಳದಿ ತಂತಿ.

ಹಲಗೆಗರಗಸ:

ಬೋಲ್ಟಿನ ಉದ್ದ ಬಿಟ್ಟುಹೋಗಿತ್ತು: ಕಾಲು 50, ಆಂಗಲ್ 2, ವಾಷರ್-ನಟ್ಟು ಸೇರಿ 7. 65 ಮಿಮೀ ತಗೊಳ್ಳಿ, ಎಂಟು ಬೇಕು, ಕಾಲಿಗೆ ಎರಡರಂತೆ, ಒಂದರ ಕೆಳಗೊಂದಲ್ಲ, ಪಕ್ಕಪಕ್ಕ, 25 ಮಿಮೀ ಅಂತರದಲ್ಲಿ. ಹೊರಗಿನ ವಾಷರ್ 20 ಮಿಮೀಗೆ ಇಳಿಸಿ, ಇಲ್ಲಾಂದ್ರೆ 50 ಮಿಮೀ ಕಾಲಿನಲ್ಲಿ ಎರಡೂ ಒಂದಕ್ಕೊಂದು ತಾಗುತ್ತವೆ.